ರೇಡಿಯೋ ನಾಟಕದಲ್ಲಿ ಹುಳು ಮನೆಯ ಸದ್ದು



ಬಯಲು ನಾಟಕಕ್ಕೆ ಬಣ್ಣವುಂಟು, ಪರದೆಯುಂಟು. ರೇಡಿಯೋ ನಾಟಕಕ್ಕೆ ಇವೆರಡೂ ಇಲ್ಲ. ಅಲ್ಲಿ ಊರು, ಹೊಲ, ಬಾವಿ ಎಲ್ಲವನ್ನೂ ಕಿವಿಯಿಂದಲೇ ಕಾಣಬೇಕು.

1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. 1955ರಲ್ಲಿ ಬೆಂಗಳೂರು ಆಕಾಶವಾಣಿ ಬಂತು. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ‘ನಮ್ಮ ಧ್ವನಿ’ ಆರಂಭವಾಗಿ, ಹಳ್ಳಿಯವರೇ ತಯಾರಿಸಿದ ಕಾರ್ಯಕ್ರಮಗಳು ಮುಂದೆ ಕೇಬಲ್ ತಂತಿಯ ಮೂಲಕ ಮನೆಗಳನ್ನು ಮುಟ್ಟಿದವು. ಈಗಂತೂ ಕಿಸೆಯ ಫೋನಿನಲ್ಲೇ ಸದ್ದು ಹಿಡಿಯಬಹುದು. ಆದ್ದರಿಂದ ನಮ್ಮ ಯುವಕರು ಬೇಸಾಯದ ನಾಟಕ ತಯಾರಿಸುವುದು ಕಷ್ಟವಲ್ಲ.

ಆದರೆ ಸದ್ದು ಸುಳ್ಳಾಗಬಾರದು. ಮೊರದಲ್ಲಿ ರಾಗಿ ಹೊರಳಿಸಿ ಮಳೆ ತರಿಸಬಹುದು, ಅದು ನಡೆಯುತ್ತದೆ. ಆದರೆ ಇಂದಿನ ಮಾಲೂರಿನ ತೋಟಕ್ಕೆ ತಾತನ ಕಾಲದ ಕಪಿಲೆಯ ಸದ್ದು ಹಾಕಿದರೆ ಕೇಳುವವರು ನಗುತ್ತಾರೆ. ಸದ್ದನ್ನು ನಂಬದವರು ಅದರ ಹಿಂದೆ ಬರುವ ಬುದ್ಧಿಮಾತನ್ನೂ ನಂಬುವುದಿಲ್ಲ.

ರೇಷ್ಮೆಯ ಸಪ್ಪೆ ರೋಗದ ಮೇಲೆ ನಾಟಕವೆಂದಿಟ್ಟುಕೊಳ್ಳಿ. ಮುಳಬಾಗಿಲು, ಶ್ರೀನಿವಾಸಪುರದ ಸಾಕಣೆದಾರರಿಗೆ ಗೊತ್ತಿರುವಂತೆ, ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮೇಯುವಾಗ ತುಂತುರು ಮಳೆಯ ಸದ್ದು ಬರುತ್ತದೆ. ನಾಟಕದ ಯಜಮಾನ ಬರಲಿರುವ ಗೂಡಿನ ಬೆಲೆ ಲೆಕ್ಕ ಹಾಕುತ್ತಿರುವಾಗಲೇ ಆ ಸದ್ದು ತೆಳುವಾಗುತ್ತ ಬರಲಿ. ಹುಳು ಸೊಪ್ಪು ಬಿಟ್ಟಿದೆಯೆಂದು ಅವನಿಗಿಂತ ಮೊದಲು ಕೇಳುವವರಿಗೆ ತಿಳಿಯುತ್ತದೆ. ಎದೆ ಧಸಕ್ಕೆನ್ನುತ್ತದೆ. ಒದ್ದೆ ಸೊಪ್ಪು ಹಾಕಬಾರದು, ಮನೆಯಲ್ಲಿ ಗಾಳಿಯಾಡಬೇಕು, ರೋಗದ ಹುಳುಗಳನ್ನು ಆರಿಸಿ ತೆಗೆಯಬೇಕು ಎಂಬ ಮಾತುಗಳನ್ನು ಆಗ ಹೇಳಿಸಿ.

ಇಲ್ಲೊಂದು ತೊಡಕುಂಟು. ಜ್ವರಕ್ಕೆ ಕುಳಿತ ಹುಳುವೂ ಮೇಯದು, ಹಣ್ಣಾದ ಹುಳುವೂ ಮೇಯದು. ಬರಿಯ ಮೌನ ಕೇಳಿಸಿದರೆ ಅರ್ಥ ಕೆಡುತ್ತದೆ. ‘ಜ್ವರ ಎದ್ದು ಮೂರು ದಿನವಾಯಿತು’ ಎಂಬ ಮಾತೊಂದನ್ನು ಮೊದಲೇ ಯಾರಿಂದಲಾದರೂ ಆಡಿಸಿಬಿಡಬೇಕು.

ಸದ್ದು ಹಿಡಿಯುವಾಗ ಫ್ಯಾನು ನಿಲ್ಲಿಸಿ, ಫೋನನ್ನು ತಟ್ಟೆಯ ಹತ್ತಿರ ಇಡಿ. ಹುಳು ಮನೆಗೆ ಕೈಕಾಲು ತೊಳೆದೇ ಹೋಗತಕ್ಕದ್ದು. ನಾಟಕದ ನೆಪದಲ್ಲಿ ರೋಗ ಹೊತ್ತೊಯ್ಯಬಾರದಷ್ಟೆ. ಮಾತು ಆರಂಭವಾದೊಡನೆ ಸದ್ದನ್ನು ತಗ್ಗಿಸಿ, ಇಲ್ಲವಾದರೆ ಎರಡೂ ಕೇಳಿಸವು. ಹಿಡಿದ ಸದ್ದನ್ನು ಬಹುಕಾಲ ಹುಳು ಸಾಕಿದ ಅಜ್ಜಿಯೊಬ್ಬರಿಗೆ ಏನೂ ಹೇಳದೆ ಕೇಳಿಸಿ. ‘ಸೊಪ್ಪು ಹಾಕಿ ಎಷ್ಟು ಹೊತ್ತಾಯಿತಪ್ಪ?’ ಎಂದು ಅವರು ಕೇಳಿದರೆ ಆ ಸದ್ದನ್ನು ಇಟ್ಟುಕೊಳ್ಳಬಹುದು.