ನನ್ನ ಗೊಂಬೆ ಸಾಲಿನ ಡೈನೋಸಾರ್‌ಗಳು

(ಮಹಿಳಾ ವೇದಿಕೆಯ ‘ನನ್ನ ಹವ್ಯಾಸ’ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು)



ಕಸೂತಿ, ತಾರಸಿ ತೋಟ, ಸುಗಮ ಸಂಗೀತ ಇವುಗಳ ನಡುವೆ ನನ್ನ ಹವ್ಯಾಸ ಸ್ವಲ್ಪ ವಿಚಿತ್ರವಾಗಿ ಕಾಣಬಹುದು ಅಂತ ಕಾರ್ಯದರ್ಶಿಯವರಿಗೆ ಮೊದಲೇ ಹೇಳಿದ್ದೆ. ನಾನು ಡೈನೋಸಾರ್ ಗೊಂಬೆಗಳನ್ನು ಕೂಡಿಡುತ್ತೇನೆ. ಮಗುವಿಗಾಗಿ ಅಲ್ಲ, ನನಗಾಗಿಯೇ. ಅಂಗಡಿಯಲ್ಲಿ ಒಂದನ್ನು ಕೈಗೆತ್ತಿಕೊಂಡರೆ ಸಾಕು, ‘ಮಗನಿಗೆ ಎಷ್ಟು ವರ್ಷ ಮೇಡಂ?’ ಅಂತ ಕೇಳುತ್ತಾರೆ. ಮಗಳಿಗೆ ಅಂದರೆ ಪಕ್ಕದ ಗುಲಾಬಿ ಬಣ್ಣದ ಸಾಲು ತೋರಿಸುತ್ತಾರೆ. ನನಗೆ ಅಂದರೆ ನಕ್ಕುಬಿಡುತ್ತಾರೆ. ಗಂಡಸರು ಅಂಚೆಚೀಟಿ, ನಾಣ್ಯ, ಕಾರಿನ ಮಾದರಿ ಕೂಡಿಟ್ಟರೆ ಅದು ಸಂಗ್ರಹ. ನಾವು ಕೂಡಿಟ್ಟರೆ ಹುಡುಗಾಟ. ಇರಲಿ.

ಆರಿಸುವುದನ್ನು ನಾನು ಕಲಿತದ್ದು ಅಮ್ಮನಿಂದ. ದಸರೆಗೆ ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಬೇಕು ಅನ್ನುವುದು ನಿಮ್ಮೆಲ್ಲರ ಮನೆಯಲ್ಲೂ ಇದ್ದ ಪದ್ಧತಿ. ಆ ಒಂದಕ್ಕಾಗಿ ಅಮ್ಮ ಇಡೀ ಸಂಜೆ ಅಂಗಡಿ ಸುತ್ತುತ್ತಿದ್ದರು. ಮೂಗು ನೆಟ್ಟಗಿದೆಯಾ, ಕಣ್ಣಿನ ಬಣ್ಣ ಹರಡಿದೆಯಾ, ನಿಲ್ಲಿಸಿದರೆ ನಿಲ್ಲುತ್ತದಾ ಅಂತ ನೋಡಿ ನೋಡಿ ತರುತ್ತಿದ್ದರು. ನಾನೂ ವರ್ಷಕ್ಕೆ ಒಂದೋ ಎರಡೋ ಕೊಳ್ಳುತ್ತೇನೆ, ಅಷ್ಟೇ. ಒಂದು ಡಬ್ಬದಲ್ಲಿ ಹನ್ನೆರಡು ಬರುವ ಸೆಟ್ಟಿನ ಕಡೆ ಹೋಗುವುದಿಲ್ಲ. ಅದರಲ್ಲಿ ಬೆನ್ನ ಮೇಲೆ ಹಾಯಿಯಂಥದ್ದು ಇರುವ ಡೈಮೆಟ್ರೊಡಾನ್ ಇದ್ದೇ ಇರುತ್ತದೆ. ಅದು ಡೈನೋಸಾರೇ ಅಲ್ಲ, ಡೈನೋಸಾರ್ ಹುಟ್ಟುವ ಮೊದಲೇ ಅಳಿದುಹೋದ ಬೇರೆ ಕುಲದ ಪ್ರಾಣಿ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿರುವವಳು, ದೋಷ ಹುಡುಕುವುದಕ್ಕೇ ಸಂಬಳ. ಹಾಗಾಗಿ ಗೊಂಬೆ ಕೈಗೆ ಬಂದ ತಕ್ಷಣ ಮೊದಲು ಬಾಲ ನೋಡುತ್ತೇನೆ. ನೆಲಕ್ಕೆ ಎಳೆದುಕೊಂಡಿದ್ದರೆ ಅದು ಹಳೆಯ ಕಲ್ಪನೆ. ಬಾಲ ಬೆನ್ನಿನ ನೇರಕ್ಕೆ ಎತ್ತಿರಬೇಕು, ತಲೆಯ ಭಾರಕ್ಕೆ ಅದೇ ಸಮತೂಕ. ಆಮೇಲೆ ಕೈ. ಟಿ. ರೆಕ್ಸ್‌ಗೆ ಕೈಯಲ್ಲಿ ಎರಡೇ ಬೆರಳು. ಮೂರು ಮಾಡಿದ್ದರೆ ವಾಪಸ್ ಇಡಿ. ಅಂಗೈಗಳು ನೆಲ ನೋಡಬಾರದು, ಚಪ್ಪಾಳೆ ತಟ್ಟಲು ಹೊರಟಂತೆ ಒಂದನ್ನೊಂದು ನೋಡಬೇಕು. ವೆಲಾಸಿರಾಪ್ಟರ್‌ಗೆ ಗರಿ ಇರಬೇಕು. ಅದರ ಮುಂಗೈ ಮೂಳೆಯಲ್ಲಿ ಗರಿಯ ಬುಡ ಕೂತಿದ್ದ ಗುರುತುಗಳಿರುವುದು 2007ರಲ್ಲೇ ಪ್ರಕಟವಾಗಿದೆ. 1993ರ ‘ಜುರಾಸಿಕ್ ಪಾರ್ಕ್’ ಸಿನಿಮಾ ನೋಡಿ ಮಾಡಿದ ಗೊಂಬೆಗಳು ಇನ್ನೂ ಬೋಳಾಗಿಯೇ ಬರುತ್ತಿವೆ.

ಅಳತೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನಲವತ್ತರಲ್ಲಿ ಒಂದು ಪಾಲು ಅಂತ ಲೆಕ್ಕ ಹಿಡಿದರೆ 12 ಮೀಟರಿನ ಟಿ. ರೆಕ್ಸ್ 30 ಸೆಂಟಿಮೀಟರ್ ಆಗುತ್ತದೆ. ಎರಡು ಮೀಟರೂ ಇಲ್ಲದ ವೆಲಾಸಿರಾಪ್ಟರ್ ನನ್ನ ಕಿರುಬೆರಳಿನಷ್ಟು! ಎರಡನ್ನೂ ಒಂದೇ ಗಾತ್ರದಲ್ಲಿ ಪಕ್ಕಪಕ್ಕ ಇಟ್ಟರೆ, ನೋಡುವ ಮಗುವಿಗೆ ನಾವೇ ಸುಳ್ಳು ಹೇಳಿದಂತೆ.

ಜರ್ಮನಿಯ ಶ್ಲೈಶ್, ಫ್ರಾನ್ಸಿನ ಪಾಪೊ, ಅಮೆರಿಕದ ಸಫಾರಿ ಇವೆಲ್ಲ ಹೆಸರಾದ ಕಂಪನಿಗಳು. ಚಂದಕ್ಕೆ ಪಾಪೊ, ಮೂಳೆ ಲೆಕ್ಕಕ್ಕೆ ಸಫಾರಿ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳಿಗೆ ಕೊಳ್ಳುವವರು ಐಎಸ್‌ಐ ಗುರುತು ನೋಡಿ ತೆಗೆದುಕೊಳ್ಳಿ, 2021ರ ಜನವರಿಯಿಂದ ನಮ್ಮಲ್ಲಿ ಅದು ಕಡ್ಡಾಯ. ಬೆಲೆ ಜಾಸ್ತಿ, ನಿಜ. ‘ಇಷ್ಟು ದುಡ್ಡು ಕೊಟ್ಟು ಹಲ್ಲಿ ತಂದಳು’ ಅನ್ನುತ್ತಿದ್ದ ನಮ್ಮ ಅತ್ತೆ ಈಗ ‘ನಿನ್ನ ಡೈನೋಸಾರು’ ಅನ್ನುತ್ತಾರೆ. ನನಗೆ ಅಷ್ಟು ಸಾಕು.

ಆದರೆ ನನ್ನನ್ನು ಕಾಡುವುದು ಬೇರೆಯೇ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ನನ್ನ ಕಪಾಟಿನ ಮುಂದೆ ನಿಂತು ಟೈರನೊಸಾರಸ್, ಟ್ರೈಸೆರಾಟಾಪ್ಸ್ ಅಂತ ಸಲೀಸಾಗಿ ಹೇಳುತ್ತಾರೆ. ಎರಡೂ ಅಮೆರಿಕದವು. ನಮ್ಮ ನೆಲದ ಒಂದು ಹೆಸರೂ ಅವರಿಗೆ ಗೊತ್ತಿಲ್ಲ, ಯಾಕೆಂದರೆ ಅಂಗಡಿಯಲ್ಲಿ ಆ ಗೊಂಬೆ ಇಲ್ಲ.

ಕರ್ನಾಟಕವನ್ನು ಬಿಡಿ, ನಮ್ಮ ಕಡೆಯ ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕಿಂತ ಹಳೆಯವು, ಡೈನೋಸಾರ್‌ಗೆ ಅಜ್ಜನ ಅಜ್ಜ. ಆದರೆ ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲಿ ‘ರಾಜಾಸಾರಸ್ ನರ್ಮದೆನ್ಸಿಸ್’ ಅಂತ ಹೆಸರಿಟ್ಟರು. ಹಣೆಯ ಮೇಲೆ ಗಿಡ್ಡ ಕೊಂಬಿದ್ದ ಬೇಟೆಗಾರ ಪ್ರಾಣಿ. ಆ ಊರಿನಲ್ಲಿ ಮೊಟ್ಟೆಗಳೂ ಕಲ್ಲಾಗಿ ಸಿಕ್ಕಿವೆ. ಅಂಥದ್ದೊಂದರಿಂದ ಹಳ್ಳಿಯ ಹೆಂಗಸೊಬ್ಬರು ಮಸಾಲೆ ಅರೆಯುತ್ತಿದ್ದರಂತೆ. ಅದನ್ನು ಗುರುತಿಸಿ ಉಳಿಸಿಕೊಂಡವರು ಆ ಪಳೆಯುಳಿಕೆಗಳ ಕಾವಲಿಗೆ ನಿಂತ ಬಾಲಾಸಿನೋರ್ ರಾಜಮನೆತನದ ಆಲಿಯಾ ಬಾಬಿ. ರಾಜಾಸಾರಸ್ ಗೊಂಬೆಯನ್ನು ಕಲೆಕ್ಟಾ ಕಂಪನಿ ಮಾಡಿದೆ. ನನ್ನ ಸಾಲಿನಲ್ಲಿ ಪಟ್ಟದ ಗೊಂಬೆ ಅದೇ.

ಇನ್ನೊಂದು ನಮ್ಮ ಹೈದರಾಬಾದಿನಲ್ಲೇ ಇದೆ. ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಎಷ್ಟು ಜನ ಹೋಗಿದ್ದೀರಿ? ಅಲ್ಲಿ ನಿಂತಿರುವ ಅಸ್ಥಿಪಂಜರ ಕೋಟಾಸಾರಸ್‌ನದು. ಕೋಟಾ ಅಂದರೆ ನಮ್ಮ ಕುಂದಾಪುರದ ಹತ್ತಿರದ ಕೋಟ ಅಲ್ಲ, ಪ್ರಾಣಹಿತಾ–ಗೋದಾವರಿ ಸೀಮೆಯ ಕಲ್ಲಿನ ಪದರಕ್ಕೆ ಆ ಹೆಸರು. ಆಗಿನ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯ ಬಳಿ ಕಡಿಮೆಯೆಂದರೂ ಹನ್ನೆರಡು ಪ್ರಾಣಿಗಳ ಮೂಳೆ ಸಿಕ್ಕವು. 1988ರಲ್ಲಿ ಹೆಸರಿಟ್ಟರು. ಎಲ್ಲ ಸಿಕ್ಕಿತು, ತಲೆಬುರುಡೆ ಮಾತ್ರ ಸಿಗಲಿಲ್ಲ, ಒಂದೆರಡು ಹಲ್ಲು ಬಿಟ್ಟರೆ. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿರುವ ಬರಪಾಸಾರಸ್ ಟಾಗೋರಿಯ ಕಥೆಯೂ ಹಾಗೇ. ರವೀಂದ್ರನಾಥ ಟಾಗೋರರ ಹೆಸರು ಹೊತ್ತ ಡೈನೋಸಾರ್, ಅದಕ್ಕೂ ತಲೆ ಸಿಕ್ಕಿಲ್ಲ.

ಕೋಟಾಸಾರಸ್ ಗೊಂಬೆ ನನಗೆ ಎಲ್ಲೂ ಕಾಣಲಿಲ್ಲ. ಈ ದಸರೆಗೆ ಮಣ್ಣಿನಲ್ಲೇ ಮಾಡಿಸೋಣ ಅಂತಿದ್ದೇನೆ. ಕೈಕಾಲು, ಬಾಲ, ಬೆನ್ನಿನ ಅಳತೆ ನಾನು ಬರೆದುಕೊಡುತ್ತೇನೆ. ತಲೆಗೆ ಅದರ ಹತ್ತಿರದ ನೆಂಟರನ್ನು ನೋಡಿ ಊಹಿಸಬೇಕು. ನಿಮ್ಮಲ್ಲಿ ಯಾರಿಗಾದರೂ ಒಳ್ಳೆಯ ಗಣಪತಿ ಮಾಡುವ ಕುಂಬಾರರು ಗೊತ್ತಿದ್ದರೆ, ಊಟದ ಹೊತ್ತಿಗೆ ನನಗೆ ನಂಬರ್ ಕೊಡಿ. ವಿಜ್ಞಾನ ಕೇಂದ್ರಕ್ಕೆ ಅವರನ್ನೂ ಕರೆದುಕೊಂಡು ಹೋಗಬೇಕು, ಬರುವವರು ಜೊತೆಗೆ ಬನ್ನಿ.