ಮೆಳ್ಳೆಗಣ್ಣಿನ ಅಳತೆ

ಮಗುವಿನ ಕಣ್ಣೊಂದು ಮೂಗಿನ ಕಡೆಗೆ ವಾಲಿದ್ದರೆ ಮನೆಮಂದಿಗೆಲ್ಲ ಕಾಣುತ್ತದೆ. ಕಂಡದ್ದನ್ನು ಮತ್ತೆ ಅಳೆಯುವುದೇಕೆ ಎಂದು ನೀವು ಕೇಳಬಹುದು. ಕಾಣುವುದು ಮೋಸ ಮಾಡುತ್ತದೆ, ಅದಕ್ಕೆ. ಎಳೆಮಗುವಿನ ಮೂಗಿನ ಬುಡ ಇನ್ನೂ ಚಪ್ಪಟೆ. ಅಲ್ಲಿನ ಚರ್ಮದ ಮಡಿಕೆ ಕಣ್ಣಿನ ಒಳಮೂಲೆಯ ಬಿಳಿಯನ್ನು ಮುಚ್ಚಿದಾಗ ನೆಟ್ಟಗಿರುವ ಕಣ್ಣೂ ಮೆಳ್ಳೆಯಾಗಿ ತೋರುತ್ತದೆ. 19ನೇ ಶತಮಾನದ ಕೊನೆಗೆ ಬರ್ಲಿನ್ನಿನ ನೇತ್ರವೈದ್ಯ ಯೂಲಿಯಸ್ ಹಿರ್ಷ್‌ಬರ್ಗ್ ಒಂದು ಸರಳ ಉಪಾಯ ಹೇಳಿದರು: ಮುಖದ ಮುಂದೆ ಮೋಂಬತ್ತಿ ಹಿಡಿದು, ಎರಡೂ ಕಣ್ಣುಗಳಲ್ಲಿ ಅದರ ಮಿನುಗು ಎಲ್ಲಿ ಬೀಳುತ್ತದೆ ನೋಡುವುದು. ಮಿನುಗು ಪಾಪೆಯ ಅಂಚಿಗೆ ಸರಿದಿದ್ದರೆ ವಾಲಿಕೆ ಸುಮಾರು 15 ಡಿಗ್ರಿ. ಕರಿಗುಡ್ಡೆಯ ಅಂಚಿಗೇ ಹೋಗಿದ್ದರೆ ಸುಮಾರು 45. ಒಂದೆಡೆ ಕೂರಲೊಲ್ಲದ ಮಗುವಿಗೆ ಇಂದಿಗೂ ಇದೇ ದಾರಿ, ಮೋಂಬತ್ತಿಯ ಬದಲು ಟಾರ್ಚು ಬಂದಿದೆ. ಆದರೆ ನಮ್ಮ ನೋಟದ ಗೆರೆ ಪಾಪೆಯ ನಟ್ಟನಡುವೆ ಹಾಯುವುದಿಲ್ಲ. ಎಷ್ಟು ಪಕ್ಕಕ್ಕೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಾಗಾಗಿ ಮಿನುಗಿನ ಲೆಕ್ಕ ಅಂದಾಜಷ್ಟೇ.

ಸರಿಯಾದ ಅಳತೆ ಬೇಕಾದರೆ ಕಣ್ಣನ್ನು ಕೆಲಸಕ್ಕೆ ಹಚ್ಚಬೇಕು. ದೂರದ ಅಕ್ಷರವೊಂದನ್ನು ನೋಡಲು ಹೇಳಿ, ಎರಡು ಕಣ್ಣೂ ಒಟ್ಟಿಗೆ ನೋಡಲು ಬಿಡದೆ, ಒಂದಾದ ಮೇಲೊಂದನ್ನು ಮುಚ್ಚುತ್ತಾರೆ. ಮುಚ್ಚಳ ಸರಿದ ಕ್ಷಣ, ಒಳಗೆ ವಾಲಿದ್ದ ಕಣ್ಣು ಅಕ್ಷರ ಹಿಡಿಯಲು ಹೊರಕ್ಕೆ ಜಿಗಿಯುತ್ತದೆ. ಆಗ ಅದರ ಮುಂದೆ ಪ್ರಿಸಂ ಎಂಬ ಗಾಜಿನ ಪಟ್ಟಕವನ್ನು, ದಪ್ಪ ಅಂಚು ಹೊರಕ್ಕಿರುವಂತೆ ಹಿಡಿದು, ಜಿಗಿತ ನಿಲ್ಲುವವರೆಗೆ ಶಕ್ತಿ ಏರಿಸುತ್ತಾರೆ. ನಿಂತ ಪಟ್ಟಕದ ಶಕ್ತಿಯೇ ಮೆಳ್ಳೆಯ ಅಳತೆ. ಒಂದು ಮೀಟರ್ ದೂರದಲ್ಲಿ ಬೆಳಕನ್ನು ಒಂದು ಸೆಂಟಿಮೀಟರ್ ಸರಿಸುವ ಪಟ್ಟಕಕ್ಕೆ ಒಂದು ಪ್ರಿಸಂ ಡಯಾಪ್ಟರ್. ಇಡೀ ನೇತ್ರವಿದ್ಯೆಯಲ್ಲಿ ಇಷ್ಟು ಸೊಗಸಾದ ಪರೀಕ್ಷೆ ಅಪರೂಪವೆಂದೇ ನನ್ನ ಎಣಿಕೆ.

ಆದರೂ ಆ ಅಂಕಿಯನ್ನು ಒಂಟಿಯಾಗಿ ನಂಬಬಾರದು. 6 ಮೀಟರಿಗೆ ಒಂದು, 33 ಸೆಂಟಿಮೀಟರಿಗೆ ಇನ್ನೊಂದು ಬರಬಹುದು. ದೂರದೃಷ್ಟಿ ದೋಷವಿರುವ ಮಗು ಸ್ಪಷ್ಟವಾಗಿ ಕಾಣಲು ಹೆಣಗುವಾಗ ಕಣ್ಣು ಒಳಕ್ಕೆ ತಿರುಗುತ್ತದೆ. ತಕ್ಕ ಕನ್ನಡಕ ಹಾಕಿದರೆ ಕೆಲವರಲ್ಲಿ ಮೆಳ್ಳೆಯೇ ಮಾಯ. ಕನ್ನಡಕವಿಲ್ಲದೆ ತೆಗೆದ ಅಂಕಿ ನೆಚ್ಚಿ ಸ್ನಾಯು ಕತ್ತರಿಸಿದರೆ ಅದು ಅನ್ಯಾಯ. ಶಸ್ತ್ರಚಿಕಿತ್ಸಕರು ಈ ಅಂಕಿಯ ಮೇಲೆಯೇ ಸ್ನಾಯುವನ್ನು ಎಷ್ಟು ಮಿಲಿಮೀಟರ್ ಹಿಂದೆ ಸರಿಸಬೇಕೆಂದು ಗೊತ್ತುಮಾಡುವುದು. ಇಬ್ಬರು ಪರೀಕ್ಷಕರಿಗೆ ಎರಡು ಅಂಕಿ ಬಂದರೆ ವಿಧಾನವೇ ಸುಳ್ಳಲ್ಲವೇ ಎಂದರೆ, ಅಲ್ಲ. ಮಗುವಿನ ಗಮನ, ಆಯಾಸಗಳೊಂದಿಗೆ ಕೋನವೂ ಬದಲಾಗುತ್ತದೆ. ಕತ್ತರಿ ಹಿಡಿಯುವ ಮೊದಲು ಬೇರೆ ದಿನ ಮತ್ತೆ ಅಳೆಯುವುದು ಅದಕ್ಕೇ. ಮೆಳ್ಳೆ ಅದೃಷ್ಟದ ಗುರುತು, ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಅವರು ಕಾಯುವಷ್ಟರಲ್ಲಿ ಮಿದುಳು ವಾಲಿದ ಕಣ್ಣಿನ ಚಿತ್ರವನ್ನು ತಳ್ಳಿಹಾಕುವುದನ್ನು ಕಲಿಯುತ್ತದೆ. ಸದಾ ಒಂದೇ ಕಣ್ಣು ವಾಲುವುದಾದರೆ, ಕಂಡೂ ಕಾಣದಷ್ಟು ಸಣ್ಣ ಮೆಳ್ಳೆಯೂ ಆ ಕಣ್ಣಿನ ದೃಷ್ಟಿಯನ್ನು ಮಂಕಾಗಿಸಬಲ್ಲದು.