ಮನರಂಜನೆಗೊಂದು ಮಂಗಳ

ದಿನದ ದುಡಿಮೆ ಮುಗಿಸಿ ಮನೆ ಸೇರಿದವರಿಗೆ ಒಂದು ಹಾಡೋ ನಾಟಕವೋ ಬೇಕೆನಿಸುವುದು ಸಹಜ. ದುಃಖಿಗಳಿಗೂ ದುಡಿದು ದಣಿದವರಿಗೂ ನಾಟ್ಯವು ಸಕಾಲದಲ್ಲಿ ವಿಶ್ರಾಂತಿ ನೀಡುವುದೆಂಬ ಮಾತು ಭರತಮುನಿಯ ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಇದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದೂ ಇಲ್ಲಿ ಸ್ಮರಣೀಯ.

ಭರತನ ಮಾತಿನಲ್ಲಿರುವ ‘ಸಕಾಲ’ವನ್ನು ನಾವು ಮರೆಯಬಾರದು. ಇರುಳಿಡೀ ನಡೆಯುವ ಯಕ್ಷಗಾನದ ಆಟಕ್ಕೂ ಬೆಳಗಿಗೆ ಮಂಗಳವುಂಟು. ಬಾನುಲಿ ನಾಟಕಕ್ಕೂ ಗೊತ್ತಾದ ಅವಧಿಯುಂಟು. ಕಥೆ ಮುಗಿಯಿತೆಂಬ ತೃಪ್ತಿಯಿಂದ ಮನಸ್ಸು ಹಗುರಾಗುತ್ತದೆ. ಇಂದಿನ ಮೊಬೈಲಿನಲ್ಲಾದರೋ ಒಂದು ದೃಶ್ಯ ಮುಗಿಯುವ ಮುನ್ನವೇ ಮತ್ತೊಂದು ಕಾದಿರುತ್ತದೆ. ಮಂಗಳವೇ ಇಲ್ಲದ ಈ ಆಟದಲ್ಲಿ ಚಿಂತೆ ಮರೆತಂತೆ ತೋರಿದರೂ ನಿದ್ರೆ ಕೆಟ್ಟಿರುತ್ತದೆ.

ಇನ್ನೊಂದು ಸಂಗತಿ. ಮನೆಗೊಂದೇ ರೇಡಿಯೋ ಇದ್ದ ದಿನಗಳಲ್ಲಿ, ಕೇಳಿದ್ದನ್ನು ಕುರಿತು ನಾಲ್ಕು ಮಾತಾಡಲು ಪಕ್ಕದಲ್ಲಿ ಜನರಿರುತ್ತಿದ್ದರು. ನಾಟಕದ ಸೊಸೆಯ ಕಷ್ಟವನ್ನು ಆಡಿಕೊಳ್ಳುತ್ತ ಮನೆಯ ಸೊಸೆ ತನ್ನ ಕಷ್ಟವನ್ನೂ ಹೇಳಿಕೊಳ್ಳುವುದಿತ್ತು. ಈಗ ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ತೆರೆಗಳನ್ನು ನೋಡುತ್ತ ಕುಳಿತಿರುತ್ತಾರೆ. ಒಬ್ಬರ ಸಂಕಟ ಮತ್ತೊಬ್ಬರ ಕಿವಿಗೆ ಬೀಳುವುದಿಲ್ಲ.

ಸಾಲದ ಚಿಂತೆಯನ್ನಾಗಲಿ, ರೋಗಿಯ ಆರೈಕೆಯ ಆಯಾಸವನ್ನಾಗಲಿ ಹಾಡು ನೀಗಿಸಲಾರದು. ಅವನ್ನು ನಾಳೆ ಎದುರಿಸುವ ಕಸುವನ್ನು ತುಂಬಬಲ್ಲುದು. ಆದುದರಿಂದ ಏನನ್ನು ಕೇಳಬೇಕು, ನೋಡಬೇಕು ಎಂದು ಆರಿಸುವಾಗಲೇ ಎಲ್ಲಿ ನಿಲ್ಲಿಸಬೇಕೆಂಬುದನ್ನೂ ನಿಶ್ಚಯಿಸಿಕೊಳ್ಳೋಣ. ನಿಲ್ಲಿಸಿದ ಬಳಿಕ ಪಕ್ಕದಲ್ಲಿರುವವರನ್ನು, “ಈ ದಿನ ಹೇಗಿತ್ತು?” ಎಂದು ವಿಚಾರಿಸೋಣ.